ಎಲೆ ಎತ್ತುವವರು ಬಾರದ ಮನೆ

ಐವತ್ತರ ದಶಕದಲ್ಲಿ ಹೊಳೆನರಸೀಪುರದ ಸುತ್ತಮುತ್ತ ಬೆಳೆದ ಮಕ್ಕಳಲ್ಲಿ ಸಣ್ಣಯ್ಯನ ಕೈ ಹೊಟ್ಟೆಗೆ ತಾಗದೆ ಉಳಿದವರು ಕಡಿಮೆ. ಮಲೇರಿಯಾ ಇಲಾಖೆಯ ಖಾಕಿ ಅಂಗಿ, ಹೆಗಲಿಗೊಂದು ಚೀಲ, ಕಾಲಿಗೆ ಟೈರಿನ ಮೆಟ್ಟು. ಅವನು ಊರ ಬಾಗಿಲು ದಾಟುವಷ್ಟರಲ್ಲಿ ಹುಡುಗರು "ಗಡ್ಡೆ ಸಣ್ಣಯ್ಯ ಬಂದ ಕಣ್ರಲಾ" ಎಂದು ಕೂಗಿಕೊಂಡು ಹಿತ್ತಿಲ ಕಡೆಗೆ ಓಡುತ್ತಿದ್ದರು. ತಾಯಂದಿರು ಕಿವಿ ಹಿಡಿದು ಎಳೆದು ತಂದು ಅವನ ಮುಂದೆ ಮಲಗಿಸಬೇಕು. ಅವನು ಮಗುವಿನ ಮಂಡಿ ಮಡಿಸಿ, ಎಡ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು, "ಉಸಿರು ಎಳಿ ಮಗ, ಜೋರಾಗಿ" ಅನ್ನಬೇಕು. ಚಳಿಜ್ವರ ಬಿದ್ದು ಎದ್ದ ಮಗುವಾದರೆ ಪಕ್ಕೆಯೊಳಗಿಂದ ಗಟ್ಟಿಯಾದದ್ದೊಂದು ಜಾರಿ ಬಂದು ಬೆರಳಿಗೆ ಮುಟ್ಟುತ್ತದೆ. ಅದಕ್ಕೇ ಜನ ಗಡ್ಡೆ ಅನ್ನುವುದು. ಎಲ್ಲರ ಹೊಟ್ಟೆಯಲ್ಲೂ ಇರುವ ಗುಲ್ಮ ಎಂಬ ಅಂಗವೇ ಅದು, ಆದರೆ ನೆಟ್ಟಗಿರುವ ಮಗುವಿನಲ್ಲಿ ಅದು ಕೈಗೆ ಸಿಗುವುದಿಲ್ಲ.

ಎಷ್ಟು ಮಕ್ಕಳಿಗೆ ಗಡ್ಡೆ ಸಿಕ್ಕಿತು ಎಂಬುದರ ಮೇಲೆ ಆ ಊರಲ್ಲಿ ಮಲೇರಿಯಾ ಎಷ್ಟಿದೆ ಎಂದು ಹಾಸನದ ಕಚೇರಿಯವರು ತಿಳಿಯುತ್ತಿದ್ದರು. ಹಾಗಾಗಿ ಸಣ್ಣಯ್ಯನ ಬೆರಳಿಗೆ ಬೆಲೆಯಿತ್ತು. ಆ ಬೆರಳು ಯಾವ ಕೇರಿಯದು ಎಂಬುದೂ ಎಲ್ಲರಿಗೂ ನೆನಪಿತ್ತು. ಗೌಡರ ಮನೆಗಳಲ್ಲಿ ಮಗುವನ್ನು ಅಂಗಳಕ್ಕೆ ಇಳಿಸಿ ತೋರಿಸುವುದು, ಅವನು ನೋಡಿ ಎದ್ದ ಮೇಲೆ ಅವನ ಕಣ್ಣೆದುರೇ ಮಗುವಿನ ತಲೆ ಮೇಲೆ ನೀರು ಸುರಿದು ಒಳಗೆ ಕರೆದೊಯ್ಯುವುದು ವಾಡಿಕೆ. ನಂಜಪ್ಪನವರ ಮನೆಯ ದೊಡ್ಡತಾಯಮ್ಮನಂತೂ ತಂಬಿಗೆ ತುಂಬಿಕೊಂಡೇ ನಿಂತಿರುತ್ತಿದ್ದರು.

"ಬೇಜಾರ್ ಮಾಡ್ಕೋಬ್ಯಾಡ ಕಣ ಸಣ್ಣಯ್ಯ" ಎನ್ನುತ್ತಿದ್ದರು ಆಕೆ.

"ಬೇಜಾರ್ ಯಾಕವ್ವ? ಮಕ್ಳಿಗೆ ಮೈತೊಳಿಯೋ ಗ್ಯಾನ ನಾನು ಬಂದ್ ದಿನ್ವಾದ್ರೂ ಬತ್ತದಲ್ಲ" ಎನ್ನುತ್ತಿದ್ದ ಸಣ್ಣಯ್ಯ. ಆಕೆಗೆ ನಗಬೇಕೋ ಬೈಯಬೇಕೋ ತಿಳಿಯುತ್ತಿರಲಿಲ್ಲ. ಅವನು ಅಷ್ಟರಲ್ಲಿ ಮುಂದಿನ ಮನೆಯಲ್ಲಿರುತ್ತಿದ್ದ.

ಇಂಥವನಿಗೆ ನೌಕರಿ ಸಿಕ್ಕಿದ್ದೇ ಅಕ್ಕ ಹೊನ್ನಕ್ಕನ ಹಟದಿಂದ. ಅಪ್ಪ ಬೇಗ ಹೋದ, ಅವ್ವನೂ ಹೆಚ್ಚು ದಿನ ಉಳಿಯಲಿಲ್ಲ. ಹೊನ್ನಕ್ಕ ತಮ್ಮನನ್ನು ಗಂಡನ ಮನೆಗೇ ಕರೆದುಕೊಂಡು ಹೋದಳು. ಅರಕಲಗೂಡು ರಸ್ತೆಯ ಹಳ್ಳಿ ಅದು. ಕೂಲಿ ಮಾಡಿ ಬಂದ ಕೈಯಲ್ಲೇ ಮುದ್ದೆ ತಿರುವಿ ಅವನಿಗಿಟ್ಟು, ಸ್ಕೂಲಿಗೆ ಅಟ್ಟಿದಳು. ಊರವರು "ನಿನ್ ತಮ್ಮ ಓದಿ ಅಮಲ್ದಾರ್ನೇ ಆದಾನು ಬುಡವ್ವ" ಎಂದು ಆಡಿಕೊಂಡರೆ, "ಆದ್ರೆ ನಿಮ್ಗೇನ್ ಒಟ್ಟೆ ಉರಿ?" ಎಂದು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು.

ಅವಳಿಗೆ ಹೆಣ್ಣುಮಗು ಹುಟ್ಟಿದ ದಿನ, ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಮ್ಮನ ತೊಡೆಯ ಮೇಲಿಟ್ಟು, "ತಗಳಪ್ಪ, ನಿನ್ ಎಂಡ್ರು" ಅಂದಳಂತೆ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಆ ಸೀಮೆಯಲ್ಲಿ ಯಾರೂ ಎರಡನೆಯ ಸಲ ಯೋಚಿಸುವ ವಿಷಯವಲ್ಲ. ಕೊಡದಿದ್ದರೆ ಕೇಳುತ್ತಾರೆ, ಯಾಕೆ ಕೊಡಲಿಲ್ಲ ಎಂದು. ಸಾಕಿ ಬೆಳೆಸಿದ ಅಕ್ಕನ ಮಗಳನ್ನು ಬೇಡ ಎನ್ನುವ ಗಂಡಸನ್ನು ಜನ ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಮಾಯಮ್ಮ ದೊಡ್ಡವಳಾದಳು, ಸಣ್ಣಯ್ಯ ತಾಳಿ ಕಟ್ಟಿದ. ಮದುವೆಯ ದಿನ ಹೊನ್ನಕ್ಕ ಕುಣಿದದ್ದನ್ನು ನೋಡಿದವರು ಬಹಳ ದಿನ ಹೇಳಿಕೊಂಡು ನಗುತ್ತಿದ್ದರು.

ಹೊಳೆನರಸೀಪುರದ ಅಂಚಿನಲ್ಲಿ ಒಂದು ಹೆಂಚಿನ ಮನೆ ಹಿಡಿದು ಸಂಸಾರ ಹೂಡಿದರು. ಗಂಡುಮಗು ಹುಟ್ಟಿತು. ಸತ್ತ ಅಪ್ಪ ಲಕ್ಕಯ್ಯನ ಹೆಸರನ್ನೇ ಇಟ್ಟರು. ಲಕ್ಕ ಗುಂಡಗಿದ್ದ, ಚುರುಕಾಗಿದ್ದ, ಅಪ್ಪನ ಚೀಲದೊಳಗಿನ, ರಕ್ತ ಬಳಿಯುವ ಗಾಜಿನ ಪಟ್ಟಿಗಳಿಗೆ ಕೈಹಾಕಿ ಏಟು ತಿನ್ನುತ್ತಿದ್ದ. ಎರಡು ವರ್ಷ ತುಂಬುವ ಹೊತ್ತಿಗೆ ಕೈಕಾಲು ಸಣ್ಣಗಾಗುತ್ತ ಹೊಟ್ಟೆ ಮುಂದೆ ಬರತೊಡಗಿತು. ಒಂದು ಸಂಜೆ ಮಗನನ್ನು ಆಟವಾಡಿಸುತ್ತ ಮಲಗಿಸಿಕೊಂಡಿದ್ದವನ ಬೆರಳು ಅಭ್ಯಾಸಬಲದಿಂದ ಎಡ ಪಕ್ಕೆಯ ಕೆಳಗೆ ಹೋಯಿತು. ಮಗು ನಕ್ಕು ಉಸಿರೆಳೆಯಿತು. ಬೆರಳಿಗೆ ಗಟ್ಟಿಯಾದದ್ದು ಬಂದು ಮುಟ್ಟಿತು.

ಸಣ್ಣಯ್ಯ ಬೆರಳು ತೆಗೆದು, ಮತ್ತೆ ಇಟ್ಟು ನೋಡಿದ. ಇನ್ನೊಬ್ಬರ ಮಕ್ಕಳಲ್ಲಿ ದಿನಾ ಸಿಗುತ್ತಿದ್ದದ್ದು ತನ್ನ ಮಗನ ಹೊಟ್ಟೆಯಲ್ಲಿ! ಅವನಿಗೆ ಹೊಳೆದದ್ದು ಒಂದೇ: ರೋಗ ತಂದದ್ದು ನಾನೇ. ಊರೂರು ಸುತ್ತಿ, ಜ್ವರದ ಮಕ್ಕಳನ್ನು ಮುಟ್ಟಿ, ಅದೇ ಬಟ್ಟೆಯಲ್ಲಿ ಮನೆಗೆ ಬಂದು, ನಾನೇ ತಂದು ಮಗನಿಗೆ ಅಂಟಿಸಿದೆ. ಮಲೇರಿಯಾ ಮೈ ಮುಟ್ಟಿದರೆ ಅಂಟುವುದಿಲ್ಲ, ಸೊಳ್ಳೆ ಕಚ್ಚಿದರೆ ಮಾತ್ರ ಬರುತ್ತದೆ ಎಂದು ಊರೂರಿನಲ್ಲಿ ನಿಂತು ಭಾಷಣ ಮಾಡುತ್ತಿದ್ದವನು ಅವನೇ. ಆದರೆ ಭಾಷಣ ಊರಿಗೆ, ಭಯ ಮನೆಗೆ. ಅಂದಿನಿಂದ ಕಾಲುವೆಯಲ್ಲಿ ಮುಳುಗದೆ ಹೊಸ್ತಿಲು ದಾಟುತ್ತಿರಲಿಲ್ಲ.

ಗಡ್ಡೆ ಅಂದರೆ ಮಲೇರಿಯಾ, ಮಲೇರಿಯಾ ಅಂದರೆ ಮಾತ್ರೆ. ಅವನಿಗೆ ಬೇರೇನೂ ಗೊತ್ತಿರಲಿಲ್ಲ, ಆಗ ನಮ್ಮ ಕಡೆ ಬೇರೆ ಗೊತ್ತಿದ್ದವರೂ ಇರಲಿಲ್ಲ. ಬೆಲ್ಲದಲ್ಲಿಟ್ಟು ಮಾತ್ರೆ ನುಂಗಿಸಿದ. ಕಹಿಗೆ ಮಗು ವಾಂತಿ ಮಾಡಿಕೊಂಡರೆ ಮತ್ತೆ ನುಂಗಿಸಿದ. ಬೆರಳು ಚುಚ್ಚಿ ರಕ್ತ ತೆಗೆದು ಗಾಜಿಗೆ ಬಳಿದು ಹಾಸನಕ್ಕೆ ಕಳಿಸಿದರೆ, ಮಲೇರಿಯಾ ಇಲ್ಲ ಎಂಬ ಉತ್ತರ ಬಂತು. ಗಾಜು ತೊಳೆದದ್ದು ಸರಿಯಿಲ್ಲವೇನೋ ಎಂದುಕೊಂಡು ಮತ್ತೆ ಚುಚ್ಚಿದ. ಮತ್ತೆ ಇಲ್ಲ. ಮೇಲಿನ ಇನ್‌ಸ್ಪೆಕ್ಟರ್ ಈಶ್ವರಯ್ಯನವರು, "ಗಡ್ಡೆ ಇದ್ದ ಮೇಲೆ ಇದ್ದೇ ಇರ್ತದೆ ಕಣಯ್ಯ, ಮಾತ್ರೆ ಬಿಡಬೇಡ" ಅಂದರು. ಹೊನ್ನಕ್ಕ ಬಂದು ನೋಡಿ, ಬಳೆಯ ಚೂರನ್ನು ದೀಪದಲ್ಲಿ ಕಾಯಿಸಿ ಮೊಮ್ಮಗನ ಹೊಟ್ಟೆಗೆ ಬರೆ ಎಳೆದಳು. ಎಳೆದವಳೇ ಹೊರಗೆ ಹೋಗಿ ಗೋಡೆಗೆ ತಲೆಕೊಟ್ಟು ಅತ್ತಳು. ಮಗುವಿನ ಮೂಗಿನಿಂದ ರಕ್ತ ಸೋರತೊಡಗಿತು. ನಾಲ್ಕು ವರ್ಷದವನಾಗಿದ್ದಾಗ ಲಕ್ಕ ತೀರಿಕೊಂಡ.

ಆಮೇಲೆ ಜನ ಮಾತಾಡಿದರು. ಸಣ್ಣಯ್ಯನ ಬಗ್ಗೆ ಅಲ್ಲ, ಗಂಡಸಿನ ಬಗ್ಗೆ ಯಾಕೆ ಮಾತಾಡುತ್ತಾರೆ? ಮಾಯಮ್ಮನ ಬಗ್ಗೆ ಮಾತಾಡಿದರು. ಅವಳ ಹೊಟ್ಟೆ ಮಕ್ಕಳನ್ನು ಉಳಿಸುವ ಹೊಟ್ಟೆಯಲ್ಲ ಅಂದರು. ಎಲ್ಲರಿಗಿಂತ ಮೊದಲು ಅಂದವಳು ಹೊನ್ನಕ್ಕ. ಹೆತ್ತ ಮಗಳೆಂಬ ಮುಲಾಜೂ ಇಲ್ಲದೆ, "ನನ್ ತಮ್ಮನ್ ಮಗೀನ ತಿಂದ್ಕಂಬುಟ್ಟೆಯಲ್ಲೇ" ಎಂದು ಹೆಣದ ಮುಂದೆಯೇ ಅಂದಳು. ಮಾಯಮ್ಮನ ಅಣ್ಣನ ಹೆಂಡತಿಗೆ ಹೆರಿಗೆಯಾದಾಗ, ಬಾಣಂತಿಯ ಕೋಣೆಗೆ ಮಾಯಮ್ಮ ಕಾಲಿಡಕೂಡದು ಎಂದು ಹೇಳಿ ಕಳಿಸಿದವಳೂ ಅವಳೇ. ಮಾಯಮ್ಮ ತವರಿನ ಅಂಗಳದಲ್ಲಿ ಕೂತು ಉಂಡು ಬಂದಳು. ಸಣ್ಣಯ್ಯ ಇದೆಲ್ಲ ಕೇಳುತ್ತಿದ್ದ. ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಒಳ್ಳೆಯ ಗಂಡ ಎನಿಸಿಕೊಳ್ಳಲು ಆ ಕಾಲಕ್ಕೆ ಅಷ್ಟು ಸಾಕಿತ್ತು.

ಲಕ್ಕ ಹೋಗುವ ಮೊದಲೇ ಮುದ್ದಮ್ಮ ಹುಟ್ಟಿದ್ದಳು. ಅವಳನ್ನು ಮುದ್ದಿ ಎಂದು ಕರೆಯುತ್ತಿದ್ದರು. ಈ ಮಗುವಿಗೆ ಏನೂ ಆಗಲಿಲ್ಲ. ಮೂರು ವರ್ಷ ಚೆನ್ನಾಗಿಯೇ ಬೆಳೆಯಿತು. ಅಷ್ಟರಲ್ಲಿ ಡಿ.ಡಿ.ಟಿ. ಹೊಡೆದೂ ಹೊಡೆದೂ ಹೊಳೆಯ ದಂಡೆಯ ಊರುಗಳಲ್ಲಿ ಮಲೇರಿಯಾ ನಿಂತೇ ಹೋಗಿತ್ತು. ಹೊಳೆನರಸೀಪುರದಿಂದ ಹಿಡಿದು ಅರಕಲಗೂಡಿನ ಗಡಿಯವರೆಗೆ ಮಕ್ಕಳ ಹೊಟ್ಟೆ ಒತ್ತಿದರೂ ಒಂದು ಗಡ್ಡೆ ಸಿಗುತ್ತಿರಲಿಲ್ಲ. "ಇನ್ ನನ್ ಬೆರಳಿಗೆ ಪಿಂಚಣಿ ಕೊಟ್ಬುಡಿ ಸಾ" ಎಂದು ಸಣ್ಣಯ್ಯ ಈಶ್ವರಯ್ಯನವರ ಹತ್ತಿರ ತಮಾಷೆ ಮಾಡುತ್ತಿದ್ದ.

ಆ ವರ್ಷವೇ ಮುದ್ದಿಯ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು.

ಈ ಸಲ ಅವನು ಹೆದರಿದ್ದು ಬೇರೆ ಥರ. ಇಡೀ ಸೀಮೆಯಲ್ಲಿ ಮಲೇರಿಯಾ ಇಲ್ಲ. ಮನೆಗೆ ವರ್ಷಕ್ಕೆರಡು ಸಲ ತಾನೇ ನಿಂತು ಔಷಧಿ ಹೊಡೆಸಿದ್ದಾನೆ. ಮಗಳಿಗೆ ಒಂದು ದಿನವೂ ಚಳಿಜ್ವರ ಬಂದಿಲ್ಲ. ಮತ್ತೆ ಇದೆಲ್ಲಿಂದ ಬಂತು? ಮಾತ್ರೆಯ ಡಬ್ಬಿ ಕೈಗೆ ತೆಗೆದುಕೊಂಡವನು, ಮುಚ್ಚಳ ತೆಗೆಯಲಾರದೆ ಹಾಗೇ ಕೂತುಬಿಟ್ಟ.

ಬಾಗಿಲಲ್ಲಿ ನಿಂತಿದ್ದ ಮಾಯಮ್ಮ ಕೇಳಿದಳು, "ಸಿಕ್ತಾ ಮಾವ?"

ಅವನು ಹೌದೆಂದು ತಲೆಯಾಡಿಸಿದ. ಅವಳು ಒಳಗೆ ಹೋಗಿ ಒಲೆಯ ಮುಂದೆ ಕೂತಳು.

ಸುದ್ದಿ ತಿಳಿದ ಮೂರನೇ ದಿನಕ್ಕೆ ಹೊನ್ನಕ್ಕ ಬಸ್ಸು ಹತ್ತಿ ಬಂದಳು. ಜೊತೆಗೆ ಕಿರಿಯ ಮಗಳು ಕೆಂಪಿಯನ್ನೂ ಕರೆತಂದಿದ್ದಳು. ಊಟ ಮುಗಿದ ಮೇಲೆ ತಮ್ಮನನ್ನು ಹಿತ್ತಿಲಿಗೆ ಕರೆದು ನೇರವಾಗಿ ವಿಷಯಕ್ಕೆ ಬಂದಳು.

"ನೋಡ್ಲಾ ಸಣ್ಣ, ದೊಡ್ಡವಳ ಒಟ್ಟೇಲಿ ಮಕ್ಳು ಉಳಿಯಲ್ಲ. ನಿನ್ ವಂಸ ನಿಂತೋಗಾಕೆ ನಾನು ಬುಡಕಿಲ್ಲ. ಕೆಂಪೀನ ಕಟ್ಕೋ."

"ಅಕ್ಕ, ನಾನು ಸರ್ಕಾರಿ ನೌಕ್ರ. ಎರಡು ಮದ್ವೆ ಅಂದ್ರೆ ಕೆಲ್ಸುಕ್ಕೆ ಕುತ್ತು ಬತ್ತದೆ."

"ಸರ್ಕಾರ್ದೋರು ಬಂದು ನಿನ್ ಮನೇಲಿ ಎಷ್ಟ್ ಒಲೆ ಉರೀತವೆ ಅಂತ ನೋಡ್ತಾರೇನ್ಲಾ? ದೇವಸ್ತಾನದ್ ಮುಂದೆ ಅರಿಶಿನ್ ಕೊಂಬು ಕಟ್ಟು, ಸಾಕು. ಇವ್ಳೂ ಇರ್ಲಿ, ಅವ್ಳೂ ಇರ್ಲಿ. ಅಕ್ಕತಂಗೀರು ಕಿತ್ತಾಡಕಿಲ್ಲ."

"ಮಾಯಿ ಏನಂತಾಳೋ..."

"ಅವ್ಳೇನಂದಾಳು? ಅನ್ನಾಕೆ ಬಾಯಾದ್ರೂ ಎಲ್ಲದೆ ಅವ್ಳಿಗೆ?"

ಹೊನ್ನಕ್ಕನ ಮಾತಿನಲ್ಲಿ ಕೇಡೇನೂ ಇರಲಿಲ್ಲ, ಅದೇ ದೊಡ್ಡ ಸಂಕಟ. ತನ್ನಲ್ಲಿದ್ದ ಇಬ್ಬರು ಹೆಣ್ಣುಮಕ್ಕಳನ್ನೂ ತಮ್ಮನ ಬಾಳಿಗೆ ಸುರಿಯಲು ಅವಳು ಸಿದ್ಧಳಿದ್ದಳು. ಸಣ್ಣಯ್ಯ ಬೇಡ ಎಂದೂ ಗಟ್ಟಿಯಾಗಿ ಹೇಳಲಿಲ್ಲ. ಒಂದು ಉಳಿಯುವ ಮಗು ಬೇಕು ಎಂಬ ಆಸೆ ಅವನೊಳಗೂ ಇತ್ತಲ್ಲ. "ಮುದ್ದೀನ ಆಸನದ ದೊಡ್ಡಾಸ್ಪತ್ರೆಗೆ ತೋರಿಸ್ಕಂಡ್ ಬತ್ತೀನಿ, ಆಮೇಕೆ ನೋಡಾನ" ಎಂದು ಜಾರಿಕೊಂಡ. ಹೊನ್ನಕ್ಕ ಅದನ್ನೇ ಒಪ್ಪಿಗೆ ಎಂದುಕೊಂಡು ಅಲ್ಲೇ ಉಳಿದಳು. ಒಳಗೆ ಕೂತಿದ್ದ ಮಾಯಮ್ಮನಿಗೆ ಅಷ್ಟೂ ಕೇಳಿಸಿತ್ತು. ಮಾರನೆಯ ಬೆಳಿಗ್ಗೆ ಮಗಳಿಗೆ ತಲೆ ಬಾಚಿ ಗಂಡನ ಕೈಗೆ ಕೊಡುವಾಗ ಅವಳು ಅವನ ಮುಖ ನೋಡಲಿಲ್ಲ.

ಹಾಸನದ ಆಸ್ಪತ್ರೆಗೆ ಆಗ ಹೊಸದಾಗಿ ಒಬ್ಬ ಲೇಡಿ ಡಾಕ್ಟರು ಬಂದಿದ್ದರು. ಹೆಸರು ಅನಸೂಯಮ್ಮ, ಚನ್ನರಾಯಪಟ್ಟಣದ ಕಡೆಯವರು. ಮುದ್ದಿಯ ಹೊಟ್ಟೆ ಮುಟ್ಟಿ, ಕಣ್ಣು ನೋಡಿ, ಸಣ್ಣಯ್ಯ ಹೇಳಿದ್ದನ್ನೆಲ್ಲ ತಡೆಯದೆ ಕೇಳಿಸಿಕೊಂಡರು. ಮಗುವನ್ನು ಉಳಿಸಿಕೊಂಡು, ಮೂಳೆಗೆ ಸೂಜಿ ಹಾಕಿ ಒಳಗಿನ ಮಜ್ಜೆಯನ್ನು ಒಂದಿಷ್ಟು ತೆಗೆದು ಗಾಜಿಗೆ ಬಳಿದರು. ಮಗುವಿನ ಕಿರುಚಾಟಕ್ಕೆ ಸಣ್ಣಯ್ಯ ಕಿವಿ ಮುಚ್ಚಿಕೊಂಡು ಹೊರಗೆ ಜಾಲಿ ಮರದ ಹತ್ತಿರ ನಿಂತಿದ್ದ. ಎರಡು ದಿನ ಬಿಟ್ಟು ಡಾಕ್ಟರು ಅವನನ್ನು ಒಳಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಸ್ಟೂಲು ಎಳೆದರು.

"ಕೂತ್ಕೊಳ್ಳಿ, ನೋಡಿ."

ಸಣ್ಣಯ್ಯ ತಬ್ಬಿಬ್ಬಾದ. ಅಷ್ಟು ವರ್ಷ ಸಾವಿರಾರು ಗಾಜುಗಳನ್ನು ಹೊತ್ತಿದ್ದರೂ ಯಾರೂ ಅವನಿಗೆ ಅದರೊಳಗೆ ಕಣ್ಣಿಡಲು ಬಿಟ್ಟಿರಲಿಲ್ಲ. ಬಗ್ಗಿ ನೋಡಿದ. ಮೊದಲು ಬರೀ ಮಂಜು. ಡಾಕ್ಟರು ತಿರುಪು ತಿರುಗಿಸಿದ ಮೇಲೆ ನೇರಳೆ ಬಣ್ಣದ ಚುಕ್ಕಿಗಳು ಕಂಡವು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ, ಊದಿದ, ಮಸುಕಾದ ಆಕಾರಗಳಿದ್ದವು. ಒಳಗೆಲ್ಲ ಮುದುರಿ ಬಿಸಾಕಿದ ಕಾಗದದಂತೆ ಸುಕ್ಕು ಸುಕ್ಕು.

"ಇದೇ ಏನವ್ವ ಮಲೇರಿಯಾ?"

"ಮಲೇರಿಯಾ ಅಲ್ಲ ಸಣ್ಣಯ್ಯ. ನಿಮ್ಮ ಮಗಳಿಗೆ ಮಲೇರಿಯಾ ಯಾವತ್ತೂ ಇರಲಿಲ್ಲ. ಹೋದ ಮಗನಿಗೂ ಇರಲಿಲ್ಲ ಅನ್ನಿಸ್ತದೆ."

ಅವನು ಕಣ್ಣು ಎತ್ತಲಿಲ್ಲ. ಮಗ ವಾಂತಿ ಮಾಡಿಕೊಂಡರೂ ಹಿಡಿದು ನುಂಗಿಸಿದ ಮಾತ್ರೆಗಳು ನೆನಪಾದವು. ಅಷ್ಟೂ ಸುಮ್ಮನೆ. ಹೊಟ್ಟೆಯ ಬರೆ ಸುಮ್ಮನೆ, ಚುಚ್ಚಿದ ಬೆರಳು ಸುಮ್ಮನೆ.

ಡಾಕ್ಟರು ಒಂದು ಹಾಳೆ ತೆಗೆದು ದೊಡ್ಡ ಗುಂಡು ಬರೆದರು. "ನಮ್ಮ ಮೈಯೆಲ್ಲ ಇಂಥ ಸಣ್ಣ ಸಣ್ಣ ಜೀವಕೋಶಗಳಿಂದ ಆಗಿರೋದು. ಮೊದಲು ಇದರೊಳಗೆ ಬರೀ ಲೋಳೆ ಅಂತ ತಿಳ್ಕೊಂಡಿದ್ರು. ಈಗ ಹೊರದೇಶದಲ್ಲಿ ಇನ್ನೂ ದೊಡ್ಡದು ಮಾಡಿ ತೋರಿಸೋ ಯಂತ್ರ ಬಂದಿದೆ. ಒಳಗೆ ನೋಡಿದ್ರೆ ಮನೆಗಳೇ ಇವೆ. ಈರುಳ್ಳಿ ಪೊರೆಗಿಂತ ತೆಳ್ಳಗಿನ ಪೊರೆಯಿಂದ ಕಟ್ಟಿದ ಮನೆಗಳು."

ಗುಂಡಿನೊಳಗೆ ಮಡಿಕೆ ಮಡಿಕೆಯಾಗಿ ಗೆರೆ ಎಳೆದರು. ಏನು ಹೇಳಿದರೆ ಇವನಿಗೆ ತಿಳಿದೀತು ಎಂದು ಯೋಚಿಸಿ, "ಮದುವೆ ಮನೆ ಅಂದ್ಕೊಳ್ಳಿ" ಅಂದರು. "ಈ ಮಡಿಕೆ ಅಡುಗೆ ಕಡೆ. ಮೈಗೆ ಬೇಕಾದ್ದೆಲ್ಲ ಇಲ್ಲಿ ತಯಾರಾಗ್ತದೆ. ತಯಾರಾದದ್ದು ಪೊರೆಯ ಸಣ್ಣ ಚೀಲದಲ್ಲಿ ಕೂತು ಇಲ್ಲಿಗೆ ಬರ್ತದೆ. ಇದು ಉಗ್ರಾಣ. ಇಲ್ಲಿ ಇದು ಯಾರಿಗೆ, ಎಲ್ಲಿಗೆ ಅಂತ ಗುರುತು ಹಾಕಿ ಬೇರೆ ಚೀಲದಲ್ಲಿ ಕಳಿಸ್ತಾರೆ. ಕೆಲವು ಹೊರಗೆ ಹೋಗ್ತವೆ, ಕೆಲವು ಒಳಗೇ ಬೇರೆ ಮನೆಗೆ ಹೋಗ್ತವೆ. ಎಲ್ಲಾನೂ ಚೀಲದಲ್ಲೇ, ಪೊರೆಯಿಂದ ಪೊರೆಗೆ. ಒಂದು ಹನೀನೂ ಚೆಲ್ಲೋ ಹಾಗಿಲ್ಲ."

ಮೂಲೆಯಲ್ಲಿ ಇನ್ನೊಂದು ಚೀಲ ಬರೆದರು. "ಇದು ಹಿತ್ತಿಲು. ಹಳೇದು, ಮುರಿದದ್ದು ಎಲ್ಲ ಇಲ್ಲಿಗೆ ಬರ್ತದೆ. ಮುಖ್ಯವಾಗಿ ಹಳೆಯ ರಕ್ತಕಣಗಳು. ಅವು ಸಾಯೋ ಜಾಗ ನೀವು ಹೇಳೋ ಗಡ್ಡೇನೇ. ಆ ಸತ್ತ ಕಣದ ಪೊರೆ ಕೊಬ್ಬಿನದು, ಅದನ್ನ ಕರಗಿಸೋಕೆ ಅಡುಗೆ ಕಡೆಯಿಂದ ಒಂದು ರಸ ಬರಬೇಕು. ಮದುವೆ ಮನೇಲಿ ಎಂಜಲೆಲೆ ಎತ್ತುವವರು ಇರ್ತಾರಲ್ಲ, ಹಾಗೆ. ಅವರು ಬರಲಿಲ್ಲ ಅಂದ್ರೆ..." ಹೇಳುತ್ತ ಹೇಳುತ್ತ ಎದುರು ಕೂತವನು ಯಾರೆಂಬುದು ಥಟ್ಟನೆ ನೆನಪಾಗಿ ಅವರ ಮಾತು ನಿಂತಿತು. ಮುಖ ಕೆಂಪಾಯಿತು.

"ಯೋಳಿ ಡಾಕ್ಟ್ರಮ್ಮ" ಅಂದ ಸಣ್ಣಯ್ಯ ಮೆಲ್ಲಗೆ. "ನಮ್ಮವ್ವ ಮಾಡ್ತಿದ್ದದ್ದು ಅದೇ ಕೆಲ್ಸ. ಒಂದ್ ಸಲ ಜ್ವರ ಬಂದು ಅವ್ಳು ಓಗ್ನಿಲ್ಲ. ಗೌಡ್ರ ಮನೇಲಿ ಎರಡ್ನೇ ಪಂಕ್ತಿ ಕೂರಾಕೇ ಆಗ್ನಿಲ್ಲ. ಎಲೆ ಮ್ಯಾಲೆ ಎಲೆ ಬಿದ್ದು, ನಾಯಿ ಸೇರ್ಕಂಡು, ಇಡೀ ಚಪ್ರ ನಾರ್ತಿತ್ತು."

"ನಿಮ್ಮ ಮಗಳ ಗಡ್ಡೆಯೊಳಗೆ ಅದೇ ಆಗಿರೋದು. ಆ ರಸ ಸರಿಯಾಗಿ ತಯಾರಾಗ್ತಾ ಇಲ್ಲ. ಕರಗಬೇಕಾದ ಕೊಬ್ಬು ಆ ಚೀಲದಲ್ಲೇ ತುಂಬಿ ತುಂಬಿ ಕೋಶ ಊದಿಕೊಂಡಿದೆ. ನೀವು ನೋಡಿದ ಸುಕ್ಕು ಅದೇ. ಅಂಥ ಕೋಶಗಳು ಸೇರಿ ಸೇರಿ ಗಡ್ಡೆ ದೊಡ್ಡದಾಗಿದೆ."

"ಆ ರಸ್ವ ಸೂಜೀಲಿ ಕೊಡಾಕಾಗಲ್ವಾ?"

"ಇಲ್ಲ. ಅದನ್ನ ಮಾಡೋದು ಯಾರಿಗೂ ಗೊತ್ತಿಲ್ಲ. ಗಡ್ಡೆ ತೀರಾ ಭಾರವಾದ್ರೆ ಮೈಸೂರಲ್ಲಿ ಆಪರೇಷನ್ ಮಾಡಿ ತೆಗೀಬಹುದು. ಕೆಲವು ವರ್ಷ ನೆಮ್ಮದಿಯಾಗಿರ್ತಾಳೆ. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ." ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು, "ನಿಮ್ಮ ಹೆಂಡತಿ ನಿಮಗೆ ಸಂಬಂಧವಾ?"

"ಅಕ್ಕನ ಮಗ್ಳು."

ಅನಸೂಯಮ್ಮ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. ಆಮೇಲೆ ಆದಷ್ಟು ಮೃದುವಾಗಿ ಹೇಳಿದರು. ಆ ರಸವನ್ನು ಹೇಗೆ ಮಾಡಬೇಕೆಂಬ ತಿಳಿವಳಿಕೆ ಮಗುವಿಗೆ ಅಪ್ಪನ ಕಡೆಯಿಂದ ಒಂದು, ಅವ್ವನ ಕಡೆಯಿಂದ ಒಂದು ಬರುತ್ತದೆ. ಗಂಡಿನ ಕಡೆಯ ಆಳು ಬಾರದಿದ್ದರೂ ಹೆಣ್ಣಿನ ಕಡೆಯ ಆಳು ಬಂದರೆ ಎಲೆ ಎತ್ತುವ ಕೆಲಸ ನಡೆದುಹೋಗುತ್ತದೆ. ಯಾರಿಗೂ ಕೊರತೆ ಕಾಣುವುದಿಲ್ಲ, ಇಡೀ ಆಯಸ್ಸು ಗೊತ್ತಾಗುವುದೂ ಇಲ್ಲ. ಎರಡು ಕಡೆಯೂ ಒಂದೇ ಮನೆಯಾದರೆ, ಆ ಮನೆಯಲ್ಲೇ ಆ ಕೊರತೆ ಇದ್ದರೆ, ಕೆಲವು ಮಕ್ಕಳಿಗೆ ಎರಡು ಕಡೆಯಿಂದಲೂ ಆಳು ಬರುವುದಿಲ್ಲ.

ಸಣ್ಣಯ್ಯ ಹಾಳೆಯಿಂದ ತಲೆ ಎತ್ತಿದ. "ಅಂದ್ರೆ ಅದು ನನ್ನಲ್ಲೂ ಅದಾ?"

"ಅರ್ಧ ಇದೆ. ನಿಮ್ಮ ಹೆಂಡತಿಯಲ್ಲೂ ಅರ್ಧ ಇದೆ. ಅವರಿಗೆ ಬಂದಿರೋದು ನಿಮ್ಮ ಅಕ್ಕನಿಂದಾನೇ ಇರಬೇಕು. ನಿಮ್ಮಿಬ್ಬರಿಗೆ ನಿಮ್ಮ ಅಪ್ಪನಿಂದಲೋ ಅವ್ವನಿಂದಲೋ."

"ಡಾಕ್ಟ್ರಮ್ಮ..." ಅಂದ ಅವನು. "ಎಂಡ್ರು ತಂಗೀನ ಕಟ್ಕಂಡ್ರೆ?"

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕುರ್ಚಿಯಿಂದ ಎದ್ದೇ ನಿಂತರು. "ಯಾರು ಹಾಗಂದದ್ದು? ಅದೇ ಮನೆ, ಅದೇ ರಕ್ತ! ಇನ್ನೂ ಎಷ್ಟು ಮಕ್ಕಳನ್ನ ಹೂಳ್ತೀರಿ?"

ಅಂದ ಮೇಲೆ ಅವರಿಗೇ ಕೆಡುಕೆನಿಸಿತು. ಆದರೆ ಅಂದದ್ದು ಅಂದಾಗಿತ್ತು. ಸಣ್ಣಯ್ಯ ಕೈಮುಗಿದು, ಮಗಳನ್ನು ಹೆಗಲಿಗೆ ಹಾಕಿಕೊಂಡು ಹೊರಬಿದ್ದ. ಬಸ್ಸಿನಲ್ಲಿ ಪಕ್ಕದವರು ಮಗುವಿನ ಕೆನ್ನೆ ಹಿಂಡಿ ಹೆಸರು ಕೇಳಿದರೂ ಉತ್ತರ ಕೊಡಲಿಲ್ಲ. ಇಷ್ಟು ವರ್ಷ ತಾನು ರೋಗವನ್ನು ಊರಿಂದ ಮನೆಗೆ ತಂದೆ ಎಂದು ನಂಬಿ ಸಂಕಟಪಟ್ಟಿದ್ದ. ಈಗ ನೋಡಿದರೆ ಅದು ಹೊರಗಿನಿಂದ ಬಂದದ್ದೇ ಅಲ್ಲ. ಅಕ್ಕ ಕೂಸನ್ನು ತೊಡೆಯ ಮೇಲೆ ಇಟ್ಟಾಗಲೇ, ಅದಕ್ಕೂ ಮುಂಚೆಯೇ, ಇಬ್ಬರ ಮೈಯೊಳಗೂ ಕೂತಿತ್ತು. ಕಾಲುವೆಯಲ್ಲಿ ಎಷ್ಟು ಸಲ ಮುಳುಗಿದರೆ ತಾನೇ ಏನು ಬಂತು?

ಮನೆಯ ಮುಂದೆ ಸೆಗಣಿ ಸಾರಿಸಿತ್ತು. ಒಳಗೆ ಮೊರದಲ್ಲಿ ಅರಿಶಿನದ ಕೊಂಬು, ಹೊಸ ಸೀರೆ. ಹೊನ್ನಕ್ಕ ಕೈ ಒರೆಸಿಕೊಳ್ಳುತ್ತ ಎದುರು ಬಂದಳು. ಕೆಂಪಿ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಮಾಯಮ್ಮ ತಂಗಿಗೆ ಹೂ ಕಟ್ಟುತ್ತಿದ್ದಳು. ತನ್ನ ಗಂಡನಿಗೆ ಕೊಡುವ ತಂಗಿಗೆ ತಾನೇ ಹೂ ಕಟ್ಟುತ್ತಿದ್ದವಳನ್ನು ನೋಡಿ ಸಣ್ಣಯ್ಯ ಬಾಗಿಲಲ್ಲೇ ನಿಂತುಬಿಟ್ಟ.

"ಏನಂದ್ರಲಾ ಡಾಕ್ಟ್ರು?" ಹೊನ್ನಕ್ಕ ಕೇಳಿದಳು.

"ಅಕ್ಕ, ಆ ಅರಿಶಿನ ತೆಗ್ದು ಒಳಗಿಡು."

"ಅದ್ಯಾಕ್ಲಾ?"

ಅವನು ಮಗಳನ್ನು ಚಾಪೆಯ ಮೇಲೆ ಇಳಿಸಿ, ಅಲ್ಲೇ ಕೂತು, ಹೇಳಿದ. ಅಡುಗೆ ಕಡೆ, ಉಗ್ರಾಣ, ಹಿತ್ತಿಲು, ಎಲೆ ಎತ್ತುವವರು, ಎಲ್ಲ ಹೇಳಿದ. ಚೀಲ, ಪೊರೆ ಎಂಬಲ್ಲಿ ಹೊನ್ನಕ್ಕನಿಗೆ ತಿಳಿಯಲಿಲ್ಲ, "ಅದೇನ್ ಕಣ್ಕಟ್ಟೋ" ಎಂದು ರೇಗಿದಳು. ಎಲೆ ಎತ್ತುವ ಮಾತು ಬಂದಾಗ ಸುಮ್ಮನಾದಳು. ಅವ್ವನ ಜೊತೆ ಹೋಗಿ ಎಷ್ಟು ಎಲೆ ಎತ್ತಿದ್ದಳೋ ಅವಳು.

"ಗಂಡಿನ್ ಕಡೆಯಿಂದೊಬ್ಬ ಬರ್ಬೇಕು, ಎಣ್ಣಿನ್ ಕಡೆಯಿಂದೊಬ್ಬ ಬರ್ಬೇಕು ಕಣಕ್ಕ. ನಮ್ದು ಎಲ್ಡು ಕಡೆನೂ ಒಂದೇ ಮನೆ. ಲಕ್ಕನ್ಗೂ ಯಾರೂ ಬರ್ಲಿಲ್ಲ, ಮುದ್ದೀಗೂ ಬರ್ಲಿಲ್ಲ. ಕೆಂಪಿ ಒಟ್ಟೇಲಿ ಉಟ್ಟಿದ್ರೂ ಇದೇ ಗತಿ ಆಗ್ಬೌದು."

ಹೊನ್ನಕ್ಕನ ಮುಖ ಬಿಳಿಚಿತು. "ಒಂದೇ ಮನೆ ಅಂದ್ರೆ... ನನ್ನಲ್ಲೂ ಅದೆ ಅನ್ನು."

"ನಿನ್ನಲ್ಲೂ ಅದೆ, ನನ್ನಲ್ಲೂ ಅದೆ. ಅಪ್ಪಂದೋ ಅವ್ವಂದೋ, ಗೊತ್ತಿಲ್ಲ."

"ನಾನು ಕೊಟ್ಟಿದ್ದು..." ಎಂದಳು ಹೊನ್ನಕ್ಕ. ಊರೇ ಹೆದರುತ್ತಿದ್ದ ಆ ಬಾಯಿ ತೆರೆದಂತೆಯೇ ಇತ್ತು. ಸೀರೆಯ ಸೆರಗನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಏನನ್ನೋ ಹುಡುಕುವವಳಂತೆ ಅತ್ತಿತ್ತ ನೋಡಿದಳು.

ಆಗ ಮಾಯಮ್ಮ ಎದ್ದು ಬಂದಳು. ಮಡಿಲಲ್ಲಿದ್ದ ಹೂವೆಲ್ಲ ನೆಲಕ್ಕೆ ಬಿತ್ತು. ಅವಳು ಅವ್ವನ ಕಡೆ ನೋಡಲಿಲ್ಲ, ಗಂಡನ ಮುಂದೆ ನಿಂತು ಕೇಳಿದಳು.

"ಮಾವ, ಡಾಕ್ಟ್ರು ಇಂಗೆ ಅಂದದ್ದು ನಿಜ್ವಾ?"

"ನಿಜ ಕಣೆ."

"ಅಂಗಾದ್ರೆ ನನ್ನೊಬ್ಬಳ್ ಒಟ್ಟೇದಲ್ಲ?"

ಸಣ್ಣಯ್ಯನಿಗೆ ಸಿಡಿಲು ಬಡಿದ ಹಾಗಾಯಿತು. ಆಸ್ಪತ್ರೆಯಲ್ಲಿ ಮಗನ ನೆನಪಾಯಿತು, ಮಗಳ ನೆನಪಾಯಿತು, ಅಕ್ಕನ ನೆನಪಾಯಿತು, ತನ್ನ ತಪ್ಪಲ್ಲ ಎಂಬ ಸಮಾಧಾನವೂ ಒಂದು ಗಳಿಗೆ ಆಗಿತ್ತು. ಇವಳದ್ದು ಅವನ ತಲೆಗೇ ಬಂದಿರಲಿಲ್ಲ. ಮಗನನ್ನು ತಿಂದವಳು ಎನಿಸಿಕೊಂಡು, ಬಾಣಂತಿಯ ಕೋಣೆಯ ಹೊರಗೆ ಉಂಡು, ಸವತಿಗೆ ಹೂ ಕಟ್ಟಿಕೊಂಡು ಇವಳು ಇಷ್ಟು ವರ್ಷ ಈ ಒಂದು ಮಾತಿಗೆ ಕಾದಿದ್ದಳು. ಆ ಮಾತನ್ನು ಹೇಳಲು ಅವನಿಗೆ ಯಾವ ಯಂತ್ರವೂ ಬೇಕಿರಲಿಲ್ಲ.

"ಅಲ್ಲ ಕಣೆ ಮಾಯಿ" ಅಂದ. "ನಿನ್ನೊಬ್ಬಳ್ದಲ್ಲ. ನಮ್ಮೆಲ್ರುದು." ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ.

ಹೊನ್ನಕ್ಕ ಕುಸಿದು ಕೂತಳು. ಕೂತಲ್ಲಿಂದಲೇ ನೆಲದ ಮೇಲೆ ತೆವಳಿಕೊಂಡು ಬಂದು ಮಗಳ ಎರಡೂ ಕಾಲು ಹಿಡಿದುಕೊಂಡು, ಪಾದದ ಮೇಲೆ ಹಣೆಯಿಟ್ಟಳು. ಹೆತ್ತವಳು ಮಗಳ ಕಾಲಿಗೆ ಬೀಳುವುದನ್ನು ಆ ಮನೆಯಲ್ಲಿದ್ದ ಯಾರೂ ಕಂಡು ಕೇಳಿದ್ದ ಸಂಗತಿಯಲ್ಲ. ಕೆಂಪಿ "ಅಯ್ಯೋ ಅವ್ವಾ" ಎಂದು ಬಾಯಿಗೆ ಕೈಯಿಟ್ಟುಕೊಂಡಳು. ಹಿರಿಯರ ಕೈ ಕಾಲಿಗೆ ತಾಗಿದರೆ ಎಂಥವಳೂ ಬೆಂಕಿ ತುಳಿದವಳಂತೆ ಹಿಂದೆ ಸರಿಯುತ್ತಾಳೆ, ಪಾಪ ತಟ್ಟೀತೆಂದು.

ಮಾಯಮ್ಮ ಕಾಲು ಎಳೆದುಕೊಳ್ಳಲಿಲ್ಲ. ಏಳು ಎನ್ನಲಿಲ್ಲ. ಅಳುತ್ತಿದ್ದ ಅವ್ವನ ತಲೆಯನ್ನು ನೋಡುತ್ತ ಹಾಗೆಯೇ ನಿಂತಿದ್ದಳು, ತನಗೆ ಸಾಕು ಎನಿಸುವವರೆಗೂ.